ಎರಡಡಿ ವೈರಿನ ಅಳಿಲು

‘ಟಿ.ವಿ.ಗೂ ಕಣ್ಣಿಗೂ ಹತ್ತಡಿ ಅಂತರವಿರಲಿ.’

ಇದು ಕನ್ನಡಕದವರ ಅಂಗಡಿಯ ಗೋಡೆಯ ಮೇಲೆ, ಕರಿ ಹಲಗೆಯಲ್ಲಿ ಬಿಳಿ ಅಕ್ಷರದಲ್ಲಿ ಬರೆಸಿಟ್ಟ ಶಾಸನ. ಇಪ್ಪತ್ತೆರಡು ವರ್ಷಗಳಿಂದ ಅವರು ಅಂಗಡಿಗೆ ಬಂದ ಪ್ರತಿಯೊಂದು ಮಗುವಿನ ಮೂಗಿನ ಮೇಲೂ ಹೊಸ ಫ್ರೇಮು ಕೂರಿಸಿ, ಆ ಹಲಗೆಯ ಕಡೆ ಬೆರಳು ತೋರಿಸಿ, “ಓದು ನೋಡೋಣ” ಎನ್ನುತ್ತಾರೆ. ಓದಲು ಬಂದರೆ ಕನ್ನಡಕ ಸರಿಯಾಗಿದೆ, ಓದಿದ್ದು ತಲೆಗೆ ಹೋದರೆ ಮಗುವೂ ಸರಿಯಾಗಿದೆ. ಒಂದೇ ಹಲಗೆಯಲ್ಲಿ ಎರಡು ಪರೀಕ್ಷೆ.

ಇಂಥ ಕನ್ನಡಕದವರು ಒಂದು ಭಾನುವಾರ ಹಾಡುಹಗಲಲ್ಲಿ, ಟಿ.ವಿ.ಗೆ ಬರೀ ಎರಡಡಿ ದೂರದಲ್ಲಿ, ಅದೂ ಇಡೀ ಬೀದಿಯ ಕಣ್ಣೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಯಾಕೆ ಎಂದು ತಿಳಿಯಬೇಕಾದರೆ ಆರು ತಿಂಗಳು ಹಿಂದಕ್ಕೆ ಹೋಗಬೇಕು.

ಅವತ್ತು ಸೋದರಮಾವನ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಸೇರಿದ್ದರು. ಊಟದ ನಡುವೆ ಕನ್ನಡಕದವರಿಗೆ ತಮ್ಮ ಬಾಲ್ಯದ ಪರಾಕ್ರಮ ನೆನಪಾಯಿತು. (ನಲವತ್ತೆಂಟರ ಗಂಡಸಿಗೆ ಹೊಟ್ಟೆ ತುಂಬುತ್ತಾ ಬಂದ ಹಾಗೆ ಬಾಲ್ಯ ನೆನಪಾಗುವುದು ಲೋಕದ ಎಲ್ಲ ಊಟಗಳಲ್ಲೂ ಇದ್ದದ್ದೇ.) ಆಗ ಮನೆಯಲ್ಲಿ ಟಿ.ವಿ.ಗೆ ಸಿಕ್ಕಿಸಿ ಆಡುವ ಒಂದು ವಿಡಿಯೋ ಗೇಮಿನ ಪೆಟ್ಟಿಗೆ ಇತ್ತು. ಅದರಲ್ಲೊಂದು ಅಳಿಲಿನ ಆಟ. ಅಳಿಲು ಹತ್ತು ಮಹಡಿ ಹತ್ತಬೇಕು. ಮೂರರಲ್ಲಿ ಉರುಳುವ ಪೀಪಾಯಿ, ಏಳರಲ್ಲಿ ತೂಗಾಡುವ ಬಕೆಟ್ಟು, ಹತ್ತರ ನೆತ್ತಿಯ ಮೇಲೆ ಒಂದು ಗಂಟೆ. ಆ ಗಂಟೆ ಬಾರಿಸಿದವರು ಬೀದಿಯಲ್ಲೇ ಯಾರೂ ಇರಲಿಲ್ಲ.

“ನಾನು ಬಾರಿಸಿದೆ!” ಎಂದರು ಕನ್ನಡಕದವರು, ಚಮಚ ಎತ್ತಿ ಹಿಡಿದು.

ಎದುರಿಗೆ ಕೂತಿದ್ದ ಅವರ ಅಕ್ಕ ತಟ್ಟೆಯಿಂದ ತಲೆಯೆತ್ತಿದರು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸು. ಅವರು ತಲೆಯೆತ್ತಿದರೆ ವಾರ್ಡಿನಲ್ಲಿ ನರಳುವವರೂ ಒಂದು ಗಳಿಗೆ ಬಿಡುವು ತೆಗೆದುಕೊಳ್ಳುತ್ತಾರೆ.

“ನೀನು ಬಾರಿಸಿದ್ಯಾ?”

ಅಕ್ಕ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಆ ಪೆಟ್ಟಿಗೆಗೆ ಇದ್ದದ್ದು ಒಂದೇ ಒಂದು ರಿಮೋಟು. ಮಕ್ಕಳು ಇಬ್ಬರು. ಹಾಗಾಗಿ ರಿಮೋಟನ್ನೇ ಪಾಲು ಮಾಡಿಕೊಂಡಿದ್ದರು: ಎಡಗಡೆಯ ಅರ್ಧ ಅಕ್ಕನ ಕೈಯಲ್ಲಿ, ಅದು ಅಳಿಲನ್ನು ಓಡಿಸುವುದಕ್ಕೆ. ಬಲಗಡೆಯ ಅರ್ಧ ತಮ್ಮನ ಕೈಯಲ್ಲಿ, ಅದು ಹಾರಿಸುವುದಕ್ಕೆ. ಭುಜಕ್ಕೆ ಭುಜ ಅಂಟಿಸಿ ಕೂತು, ಒಂದು ಅಳಿಲನ್ನು ಇಬ್ಬರೂ ಸೇರಿ ಸಾಕಿದ್ದರು.

“ಮತ್ತಿನ್ನೇನು? ಹಾರಿಸಿದ್ದು ನಾನೇ ಅಲ್ವಾ?”

“ನಾನು ಓಡಿಸದೆ ಇದ್ದಿದ್ರೆ ಎಲ್ಲಿಂದ ಹಾರಿಸ್ತಿದ್ದೆ? ನಿಂತಲ್ಲೇ ಕುಣಿಸ್ತಾ ಇದ್ದೆ ಅಷ್ಟೆ.”

“ಓಡಿಸೋದು ಯಾರಿಗೆ ಬರಲ್ಲ ಅಕ್ಕಾ? ಒತ್ತಿ ಹಿಡ್ಕೊಂಡ್ರೆ ಅದೇ ಓಡುತ್ತೆ.”

ಅಷ್ಟೇ. ಅಕ್ಕ ಕೈ ತೊಳೆದು, ಬ್ಯಾಗು ಹೆಗಲಿಗೇರಿಸಿ, ಬಾಗಿಲು ದಾಟಿಯೇ ಬಿಟ್ಟರು. ಅವತ್ತಿನಿಂದ ತಮ್ಮನ ಜೊತೆ ಮಾತಿಲ್ಲ. ಫೋನು ಬಂದಾಗ ಕನ್ನಡಕದವರು ಆಸೆಯಿಂದ ಎತ್ತಿ “ಅಕ್ಕಾ” ಎಂದರೆ, ಆ ಕಡೆಯಿಂದ ಥರ್ಮಾಮೀಟರಿನಷ್ಟು ತಣ್ಣಗೆ ಬರುವುದು ಒಂದೇ ವಾಕ್ಯ: “ಅಮ್ಮನಿಗೆ ಕೊಡು.”

ಮೊದಲೆಲ್ಲ ಪ್ರತಿ ಭಾನುವಾರ ಅಕ್ಕ ಡ್ಯೂಟಿ ಮುಗಿಸಿ ನೇರ ತಮ್ಮನ ಮನೆಗೆ ಬರುತ್ತಿದ್ದರು. ಕಾಲು ನೀಡಿ ಕೂತು, ತಮ್ಮನ ತೂಕ, ತಮ್ಮನ ಕೂದಲು, ತಮ್ಮನ ಬುದ್ಧಿ ಎಲ್ಲವನ್ನೂ ತಪಾಸಣೆ ಮಾಡಿ, ಎಲ್ಲದರಲ್ಲೂ ಕೊರತೆ ಕಂಡುಹಿಡಿದು, ಎರಡು ಲೋಟ ಟೀ ಕುಡಿದು ಹೋಗುತ್ತಿದ್ದರು. ಈಗ ಅಮ್ಮನೇ ಅಲ್ಲಿಗೆ ಹೋಗಿ ಬರುತ್ತಾರೆ. ಅಕ್ಕನಿಗೆಂದು ತಂದಿಟ್ಟ ಬಿಸ್ಕತ್ತನ್ನು ಕನ್ನಡಕದವರೇ ತಿನ್ನುತ್ತಾರೆ. ಬೈಯುವವರಿಲ್ಲದೆ ಅವರ ತೂಕ ಆರು ತಿಂಗಳಲ್ಲಿ ನಾಲ್ಕು ಕಿಲೋ ಏರಿತ್ತು. ಗೇಟು ಕಿರ್ ಅಂದರೆ ಎದ್ದು ನೋಡುವ ಚಾಳಿಯೂ ಅಂಟಿಕೊಂಡಿತ್ತು.

ಅವರ ಹೆಂಡತಿ ಒಂದನೇ ಕ್ಲಾಸಿಗೆ ಟೀಚರು. ಟೀಚರಮ್ಮ ಮೊದಲ ವಾರವೇ ಮದ್ದು ಹೇಳಿದ್ದರು: “ರೀ, ‘ತಪ್ಪಾಯ್ತು ಅಕ್ಕ’ ಅಂದ್ಬಿಡಿ. ಎರಡೇ ಪದ. ನನ್ನ ಕ್ಲಾಸಿನ ಮಕ್ಕಳು ದಿನಕ್ಕೆ ಇಪ್ಪತ್ತು ಸಲ ಅಂತಾರೆ, ಒಬ್ಬರಿಗೂ ಏನೂ ಆಗಿಲ್ಲ.”

“ತಪ್ಪು ಮಾಡಿದ್ರೆ ತಾನೆ ಅನ್ನೋದು?”

“ಹಾಗಿದ್ರೆ ಬಿಸ್ಕತ್ತು ತಿನ್ನಿ.”

ಹೀಗಿರುವಾಗ ಒಂದು ದಿನ ಕನ್ನಡಕದವರು ಅಂಗಡಿಯಿಂದ ಕುಣಿಯುತ್ತಾ ಬಂದರು. ಕೈಯಲ್ಲೊಂದು ಡಬ್ಬಿ. ಹಳೇ ಕಾಲದ ಆಟದ ಪೆಟ್ಟಿಗೆಯನ್ನೇ ಚಿಕ್ಕದಾಗಿ, ಅಚ್ಚುಕಟ್ಟಾಗಿ ಮತ್ತೆ ಮಾಡಿ ಮಾರುತ್ತಿದ್ದಾರಂತೆ. ಅಳಿಲಿನಾಟ ಒಳಗೇ ಇದೆಯಂತೆ. ರಿಮೋಟು ಕೂಡ ಒಂದೇ! ಇದನ್ನು ತೋರಿಸಿದರೆ ಅಕ್ಕ ಬರದೆ ಇರುತ್ತಾಳೆಯೇ? ಭುಜಕ್ಕೆ ಭುಜ ಕೊಟ್ಟು ಕೂತು ಒಂದು ಸಲ ಗಂಟೆ ಬಾರಿಸಿದರೆ ಆರು ತಿಂಗಳ ಮುನಿಸು ಗಾಳಿಗೆ ಹಾರದೆ ಇರುತ್ತದೆಯೇ?

ಡಬ್ಬಿ ಬಿಚ್ಚಿದರು. ಒಳಗಿಂದ ಬಟ್ಟೆ ಒಗೆಯುವ ಸೋಪಿನ ಗಾತ್ರದ್ದೊಂದು ವಸ್ತು ಹೊರಬಂತು.

ಟೀಚರಮ್ಮ ಅದನ್ನು ಅಂಗೈಯಲ್ಲಿಟ್ಟು ತೂಗಿದರು. “ಇದರ ಅಮ್ಮ ಎಲ್ಲಿ?”

“ಗಾತ್ರ ನೋಡಬೇಡ, ಒಳಗಿರೋ ನೆನಪು ನೋಡು.”

“ನೆನಪು ನಿಮ್ಮ ತಲೇಲಿ ಬಿಟ್ಟಿಯಾಗೇ ಇತ್ತಲ್ಲ? ಇದಕ್ಕೆ ಕೊಟ್ಟ ದುಡ್ಡಿಗೆ ನಾಲ್ಕು ಸಲ ನಿಮ್ಮಕ್ಕನ ಮನೆಗೆ ಹೋಗಿ ನಾಲ್ಕು ಸಲ ತಪ್ಪೊಪ್ಪಿಕೊಂಡು ಬರಬಹುದಿತ್ತು.”

ಕನ್ನಡಕದವರಿಗೆ ಕೇಳಿಸಲಿಲ್ಲ. ಅವರ ಗಮನವೆಲ್ಲ ರಿಮೋಟಿನ ವೈರಿನ ಮೇಲಿತ್ತು. ಎಳೆದರು. ಇನ್ನೂ ಎಳೆದರು. ವೈರು ಎರಡಡಿಗೆ ಮುಗಿಯಿತು. ಪೆಟ್ಟಿಗೆ ಚಿಕ್ಕದು ಮಾಡಿದ ಪುಣ್ಯಾತ್ಮರು ಆ ಗುಂಗಿನಲ್ಲಿ ವೈರನ್ನೂ ಚಿಕ್ಕದು ಮಾಡಿಬಿಟ್ಟಿದ್ದರು.

“ಹತ್ತಡಿ ಅಂತರ...” ಎಂದರು ಟೀಚರಮ್ಮ, ಮಕ್ಕಳಿಗೆ ಪಾಠ ಓದಿಸುವ ರಾಗದಲ್ಲಿ.

“ಕಿಟಕಿ ಹಾಕು,” ಎಂದರು ಕನ್ನಡಕದವರು.

ಇನ್ನೊಂದು ತೊಡಕು ಬಂತು. ಟಿ.ವಿ.ಯ ಪಕ್ಕದಲ್ಲೇ, ಕಿಟಕಿಯ ಬೆಳಕಿಗೆ, ಅಮ್ಮನ ಹಳೆಯ ಮೋಟಾರು ಹೊಲಿಗೆ ಮೆಷಿನ್ ನಿಂತಿತ್ತು. ಅಮ್ಮ ಇದೇ ಮೆಷಿನ್ನಿನಲ್ಲಿ ಬೀದಿಯವರ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಓದಿಸಿದವರು. ಮೂರು ವರ್ಷದ ಹಿಂದೆ, “ಸಾಕಮ್ಮ, ಕಣ್ಣಿಗೆ ಶ್ರಮ” ಎಂದು ಮಗನೇ ಬಿಡಿಸಿ, ಮೆಷಿನ್ನಿಗೆ ಬಟ್ಟೆ ಹೊದಿಸಿದ್ದರು. ಈಗ ಇಬ್ಬರು ಮೈಕೈ ತುಂಬಿದವರು ಟಿ.ವಿ.ಗೆ ಎರಡಡಿಯಲ್ಲಿ ಜೊತೆಯಾಗಿ ಕೂರಬೇಕಾದರೆ ಆ ಮೆಷಿನ್ ಅಲ್ಲಿರುವಂತಿಲ್ಲ.

ದೇವರು ಕೊಟ್ಟಂತೆ ಬೀದಿ ಕೊನೆಯ ಟೈಲರು ಎದುರಾದರು. ಅವರನ್ನು ಬೀದಿಯವರೆಲ್ಲ ‘ನಾಳೆ ಟೈಲರ್’ ಎಂದೇ ಕರೆಯುವುದು. ಬಟ್ಟೆ ಯಾವಾಗ ಎಂದು ಯಾರು ಕೇಳಿದರೂ ಅವರಲ್ಲಿ ಒಂದೇ ಉತ್ತರ. ಶಾಲೆ ಶುರುವಾಗುವ ಮೊದಲು ಯೂನಿಫಾರಂ ರಾಶಿ ಬಿದ್ದಿದೆ, ಹಾಳಾದ್ದು ಮೆಷಿನ್ನಿನ ಮೋಟಾರು ಸುಟ್ಟುಹೋಗಿದೆ ಎಂದು ತಲೆಯ ಮೇಲೆ ಕೈ ಹೊತ್ತಿದ್ದರು.

“ನಮ್ಮನೇದು ತಗೊಂಡು ಹೋಗಿ, ಇಟ್ಕೊಳ್ಳಿ,” ಎಂದರು ಕನ್ನಡಕದವರು ಧಾರಾಳವಾಗಿ.

“ಅತ್ತೇನ ಒಂದು ಮಾತು ಕೇಳಿ,” ಎಂದು ಟೀಚರಮ್ಮ ಎಚ್ಚರಿಸಿದರು. ಅಮ್ಮ ಆಗ ಮಗಳ ಮನೆಯಲ್ಲಿದ್ದರು.

“ಅಮ್ಮ ಅದನ್ನ ಮುಟ್ಟಿ ಮೂರು ವರ್ಷ ಆಯ್ತು. ಇಲ್ಲ ಅನ್ನೋದು ಅವಳಿಗೆ ಗೊತ್ತೂ ಆಗಲ್ಲ.”

ಮೆಷಿನ್ ಹೋಯಿತು. ಕನ್ನಡಕದವರು ನಾಲ್ಕು ದಿನ ಅಭ್ಯಾಸ ಮಾಡಿದರು. ಅಳಿಲು ಮೂರನೇ ಮಹಡಿಯ ಪೀಪಾಯಿಗೆ ಸಿಕ್ಕಿ ಬಿದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಅದು ಬಿದ್ದಾಗ ಬರುವ ‘ಪುಸ್ಸ್’ ಎಂಬ ಸದ್ದು ಟೀಚರಮ್ಮನ ಕಿವಿಯಲ್ಲಿ ಕನಸಿನಲ್ಲೂ ಕೇಳಿಸತೊಡಗಿತು. “ಅಕ್ಕ ಎಡಗಡೆ ಇಲ್ಲ, ಅದಕ್ಕೇ,” ಎಂದು ಸಮಾಧಾನ ಹೇಳಿಕೊಂಡು, ಅಕ್ಕನಿಗೆ ಒಂದು ಸಂದೇಶ ಕಳಿಸಿದರು: ‘ಅಳಿಲು ಬಂದಿದೆ. ಭಾನುವಾರ ಬಾ. ಓಡಿಸುವವರಿಲ್ಲ.’

ಉತ್ತರ ಬರಲಿಲ್ಲ. ಆದರೆ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಗೇಟು ಕಿರ್ ಅಂದಿತು. ಅಮ್ಮ ಮುಂದೆ, ಹಿಂದೆ ಅಕ್ಕ.

ಅಕ್ಕ ಒಳಗೆ ಬಂದು ತಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿದರು. “ನಾಲ್ಕು ಕಿಲೋ,” ಎಂದರು. ಕನ್ನಡಕದವರ ಕಣ್ಣು ತುಂಬಿಬಂತು. ಆರು ತಿಂಗಳಲ್ಲಿ ಅಕ್ಕ ಆಡಿದ ಮೊದಲ ಬೈಗುಳ!

ಅಮ್ಮ ಮಾತ್ರ ಕಿಟಕಿಯ ಹತ್ತಿರ ನಿಂತು ನೆಲ ನೋಡಿದರು. ಮೆಷಿನ್ನಿನ ನಾಲ್ಕು ಕಾಲಿನ ಗುರುತು ನೆಲದ ಮೇಲೆ ನಾಲ್ಕು ಬಿಳಿ ಚುಕ್ಕೆಯಾಗಿ ಉಳಿದಿತ್ತು. ಕೊರಳ ದಾರಕ್ಕೆ ಕಟ್ಟಿದ್ದ ಕನ್ನಡಕವನ್ನು ಒರೆಸಿಕೊಂಡು ಕುರ್ಚಿಯಲ್ಲಿ ಕೂತರು.

ಅಕ್ಕ, ತಮ್ಮ ಇಬ್ಬರೂ ಟಿ.ವಿ.ಯ ಮುಂದೆ ನೆಲಕ್ಕೆ ಇಳಿದರು. ಇಳಿಯುವುದೇ ಒಂದು ಪ್ರಹಸನವಾಯಿತು. ಅಕ್ಕನ ಮಂಡಿ ಲಟಕ್ ಅಂದರೆ ತಮ್ಮನ ಸೊಂಟ ಚಟಕ್ ಅಂದಿತು. ಬಿಸ್ಕತ್ತಿನ ಗಾತ್ರದ ರಿಮೋಟನ್ನು ಎರಡು ಪಾಲು ಮಾಡಿ ಹಿಡಿದರು. ಎರಡು ಹೆಬ್ಬೆರಳಿಗೇ ರಿಮೋಟು ಮುಚ್ಚಿಹೋಯಿತು.

ಒಂದನೇ ಮಹಡಿ. ಎರಡನೇ ಮಹಡಿ. ಮೂರು. ಪುಸ್ಸ್.

“ಹಾರಿಸೋ!”

“ನೀನು ಬೇಗ ಓಡಿಸಿದೆ!”

ಪುಸ್ಸ್.

“ಈಗ?”

“ಈಗ ನಿಧಾನ ಆಯ್ತು.”

ಪುಸ್ಸ್.

“ನಿನ್ನ ಹೆಬ್ಬೆರಳು ನನ್ನ ಜಾಗಕ್ಕೆ ಬಂದಿದೆ, ತೆಗಿ!”

“ನಂದೆಲ್ಲಿ ಬಂತು? ನಿಂದೇ ಉಬ್ಬಿದೆ!”

ಟೀಚರಮ್ಮ ಟೀ ತಂದಿಟ್ಟರು. ಟೀ ಆರಿತು. ಮತ್ತೆ ಬಿಸಿ ಮಾಡಿದರು. ಮತ್ತೆ ಆರಿತು. ಅಳಿಲು ಮೂರನೇ ಮಹಡಿ ದಾಟಲಿಲ್ಲ.

“ಈ ಪೆಟ್ಟಿಗೆ ಸುಳ್ಳು,” ಎಂದರು ಕೊನೆಗೆ ಕನ್ನಡಕದವರು. “ಹಳೇದರಲ್ಲಿ ಅಳಿಲು ಹೀಗಿರಲಿಲ್ಲ.”

“ಅಳಿಲು ಹಾಗೇ ಇದೆ. ಹಾರಿಸೋನು ಹೀಗಿದಾನೆ. ಗಂಟೆ ಬಾರಿಸಿದ ಮಹಾಶಯ! ಈಗ ಬಾರಿಸು, ನೋಡೋಣ.”

“ಓಡಿಸೋರು ಸರಿಯಾಗಿ ಓಡಿಸಿದ್ರೆ...”

ಬಾಯಿಂದ ಬಿದ್ದಾಗಿತ್ತು. ಅಕ್ಕ ರಿಮೋಟಿನ ತನ್ನ ಅರ್ಧವನ್ನು ಕೆಳಗಿಟ್ಟರು. (ಇನ್ನರ್ಧವೂ ಅದರ ಜೊತೆಗೇ ಹೋಯಿತು.) ಗೋಡೆ ಹಿಡಿದು ಎದ್ದರು. ಬ್ಯಾಗು ಹೆಗಲಿಗೆ ಹೋಯಿತು. ಕನ್ನಡಕದವರಿಗೆ ಎದೆಯೊಳಗೇ ‘ಪುಸ್ಸ್’ ಅಂದಿತು. ಇನ್ನು ಆರು ತಿಂಗಳಲ್ಲ, ಆರು ವರ್ಷ.

ಆಗ ಕುರ್ಚಿಯಿಂದ ಅಮ್ಮನ ದನಿ ಬಂತು, ನಿಧಾನವಾಗಿ.

“ಮೆಷಿನ್ ಎಲ್ಲಪ್ಪಾ?”

“ಅದು... ಟೈಲರಿಗೆ ಕೊಟ್ಟೆನಮ್ಮಾ. ನೀನು ಹೊಲಿಯಲ್ವಲ್ಲ...”

“ಹೂಂ. ಅದಕ್ಕೇ ಹಾರ್ತಾ ಇಲ್ಲ.”

ಅಕ್ಕ ಬಾಗಿಲಲ್ಲೇ ನಿಂತರು.

“ನಾನು ಮೆಷಿನ್ ಓಡಿಸಿದ್ರೆ ಆವತ್ತಿನ ಟಿ.ವಿ.ಲಿ ಗೆರೆ ಗೆರೆ ಬರ್ತಿತ್ತು, ಮರೆತುಹೋಯ್ತಾ?” ಎಂದರು ಅಮ್ಮ. “‘ಅಮ್ಮಾ ನಿಲ್ಸು, ಅಮ್ಮಾ ನಿಲ್ಸು’ ಅಂತ ಇಬ್ಬರೂ ಬಾಯಿ ಬಡ್ಕೊಳ್ತಿದ್ರಿ. ನಂಗೋ ಸಂಜೆಯೊಳಗೆ ಬಟ್ಟೆ ಕೊಡಬೇಕು. ಅಳತೆ ನೋಡೋ ದೊಡ್ಡ ಕನ್ನಡಿ ನನ್ನೆದುರಿಗೇ ಇತ್ತು. ಅದರೊಳಗೆ ಹಿಂದಿನ ಟಿ.ವಿ. ಕಾಣೋದು. ನಿಮ್ಮ ಅಳಿಲು ಅಂಚಿಗೆ ಬಂದ ತಕ್ಷಣ ನಾನೇ ಪೆಡಲಿನಿಂದ ಕಾಲು ಎತ್ತಿ ಮೆಷಿನ್ ನಿಲ್ಲಿಸಿಬಿಡ್ತಿದ್ದೆ. ಬರ್ತಾ ಬರ್ತಾ ನೀವು ಅಳಿಲನ್ನ ನೋಡೋದೇ ಬಿಟ್ರಿ. ಮೆಷಿನ್ ನಿಂತ್ರೆ ಹಾರೋದು, ಅಷ್ಟೇ ಕಲಿತ್ರಿ.”

ಇಬ್ಬರು ಚಾಂಪಿಯನ್ನರೂ ಬಾಯಿ ತೆರೆದುಕೊಂಡು ಅಮ್ಮನನ್ನೇ ನೋಡಿದರು.

“ಹಾಗಾದ್ರೆ ಗಂಟೆ ಬಾರಿಸಿದ್ದು...” ಎಂದು ತಡವರಿಸಿದರು ಕನ್ನಡಕದವರು.

“ಅದು ನಂಗೇನು ಗೊತ್ತು? ಅವತ್ತು ನಾಲ್ಕು ಷರ್ಟು ಮುಗಿಸಿದ್ದೆ, ಅದು ನೆನಪಿದೆ.”

ಬ್ಯಾಗು ಅಕ್ಕನ ಹೆಗಲಿಂದ ಇಳಿಯಿತು. “ಏಳೋ,” ಎಂದರು ತಮ್ಮನಿಗೆ. “ಮೆಷಿನ್ ತಗೊಂಡು ಬಾ.”

ಕನ್ನಡಕದವರು ಚಪ್ಪಲಿ ಸಿಕ್ಕಿಸಿಕೊಂಡು ಬೀದಿ ಕೊನೆಗೆ ಓಡಿದರು. ಟೈಲರು ಬಟ್ಟೆಯ ರಾಶಿಯೊಳಗಿಂದ ತಲೆ ಹೊರಹಾಕಿದರು.

“ಮೆಷಿನ್ನಾ? ಕೊಡ್ತೀನಿ ಸ್ವಾಮಿ. ನಾಳೆ.”

“ಈಗ ಬೇಕು!”

“ಮೂವತ್ತು ಪ್ಯಾಂಟಿದೆ. ಇಟ್ಕೊಳ್ಳಿ ಅಂತ ನೀವೇ ಅಂದ್ರಲ್ಲ?”

ಅಂದದ್ದು ನಿಜ. ಕನ್ನಡಕದವರು ಇಂಗು ತಿಂದ ಮಂಗನ ಮುಖ ಹೊತ್ತು ವಾಪಸ್ ಬಂದರು. ಅಕ್ಕ ಒಂದು ಕ್ಷಣ ಯೋಚಿಸಿದರು. ವಾರ್ಡಿನಲ್ಲಿ ರೋಗಿ ಎದ್ದು ಬರದಿದ್ದರೆ ಔಷಧಿಯೇ ರೋಗಿಯ ಹತ್ತಿರ ಹೋಗಬೇಕು; ಇದು ಅವರ ಮೂವತ್ತು ವರ್ಷದ ಅಭ್ಯಾಸ.

“ಟಿ.ವಿ. ಎತ್ತು.”

ಹೀಗೆ ಬೀದಿಯವರು ಅವತ್ತು ಒಂದು ಮೆರವಣಿಗೆ ನೋಡಿದರು. ಮುಂದೆ ಅಮ್ಮ. ಅವರ ಹಿಂದೆ ಹಾಸಿಗೆಯ ಹೊದಿಕೆಯಲ್ಲಿ ಸುತ್ತಿದ ಟಿ.ವಿ., ಅದರ ಎಡ ತುದಿ ಅಕ್ಕನ ಕೈಯಲ್ಲಿ, ಬಲ ತುದಿ ತಮ್ಮನ ಕೈಯಲ್ಲಿ. (“ನಿಧಾನ ಓಡ್ಸೇ!” “ನೀನು ಎತ್ತಿ ಹಿಡಿಯೋ!”) ಕೊನೆಯಲ್ಲಿ ಟೀಚರಮ್ಮ, ಅಂಗೈಯಲ್ಲಿ ಆ ಸೋಪಿನ ಗಾತ್ರದ ನೆನಪಿನ ಭಂಡಾರ.

ಟೈಲರು ಬೇಡವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತು, ಒಂದು ಪ್ಯಾಂಟಿನ ಕಾಲು ಎಳೆದುಕೊಂಡು, ಹೊಲಿಗೆಯ ಒಂದು ಗೆರೆ ಹೊಡೆದರು. ಟೈಲರು ಆ ಗೆರೆ ನೋಡಿದರು. ತೆರೆದ ಬಾಯಿ ಮುಚ್ಚಿದರು. ತಾವೇ ಹೋಗಿ ಟಿ.ವಿ.ಗೆ ಪ್ಲಗ್ಗು ಹಾಕಿಕೊಟ್ಟರು.

ಅಮ್ಮನ ಎದುರಿಗೆ ಅಳತೆಯ ಕನ್ನಡಿ, ಬೆನ್ನ ಹಿಂದೆ ಟಿ.ವಿ., ಟಿ.ವಿ.ಗೆ ಎರಡಡಿಯಲ್ಲಿ ಮಕ್ಕಳು. ಅಂಗಡಿಗೆ ಬಾಗಿಲೆಂಬುದೇ ಇಲ್ಲ, ಬರೀ ಷಟರು. ಹೊರಗೆ ಒಬ್ಬರು ನಿಂತರು, ಇಬ್ಬರಾದರು, ಆಮೇಲೆ ಬೀದಿಯೇ ನಿಂತಿತು. ಅದರಲ್ಲಿ ಅರ್ಧಕ್ಕರ್ಧ ಮೂಗಿನ ಮೇಲಿದ್ದದ್ದು ಕನ್ನಡಕದವರೇ ಕೂರಿಸಿದ ಫ್ರೇಮು.

ಅಮ್ಮ ಕನ್ನಡಿ ನೋಡಿ ಕಣ್ಣು ಕಿರಿದು ಮಾಡಿದರು. “ಇದು ಹಾಕ್ಕೊಂಡ್ರೆ ಏನೂ ಕಾಣಲ್ಲಪ್ಪ,” ಎಂದು ಮಗ ಮಾಡಿಕೊಟ್ಟ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. “ಹಾಂ, ಈಗ ಸ್ಪಷ್ಟ.”

ಹೊರಗೆ ಕಿಸಕ್ಕೆಂದು ನಗು. “ಅದು ಹತ್ತಿರದ್ದು ನೋಡೋದಕ್ಕೆ ಕೊಟ್ಟ ಕನ್ನಡಕ! ದೂರಕ್ಕಲ್ಲ!” ಎಂದು ಕನ್ನಡಕದವರು ಕೂಗಿ ವಿವರಿಸಿದರು. ನಗುವವರಿಗೆ ಹತ್ತಿರವೇನು ದೂರವೇನು.

ಮೆಷಿನ್ ಶುರುವಾಯಿತು. ಕಟಕಟಕಟಕಟ. ಅಳಿಲು ಓಡಿತು. ಮೂರನೇ ಮಹಡಿ, ಪೀಪಾಯಿ ಉರುಳಿ ಬಂತು. ಕಟಕಟಕಟ... ಟಕ್. ನಿಂತಿತು.

ಕನ್ನಡಕದವರ ಹೆಬ್ಬೆರಳು ಅವರನ್ನು ಕೇಳದೆಯೇ ಒತ್ತಿತು. ಅಳಿಲು ಪೀಪಾಯಿಯ ಆಚೆಗಿತ್ತು!

ಕಟಕಟಕಟ, ಟಕ್, ನಾಲ್ಕು. ಕಟಕಟಕಟ, ಟಕ್, ಐದು. ಅಕ್ಕನ ಭುಜ ತಮ್ಮನ ಭುಜಕ್ಕೆ ಆತುಕೊಂಡಿತು. ಅಕ್ಕ ಓಡಿಸುವಾಗ ನಾಲಿಗೆಯ ತುದಿ ಹೊರಗೆ ಹಾಕುತ್ತಿದ್ದದ್ದು ತಮ್ಮನಿಗೆ ಈಗ ನೆನಪಾಯಿತು. ಓರೆಗಣ್ಣಲ್ಲಿ ನೋಡಿದರೆ ಈಗಲೂ ಹಾಕಿದ್ದರು. ಏಳನೇ ಮಹಡಿಯ ಬಕೆಟ್ಟಿಗೆ ಬೀದಿಯೆಲ್ಲ ಉಸಿರು ಬಿಗಿಹಿಡಿಯಿತು. ಟಕ್. ದಾಟಿತು. ಒಂಬತ್ತು. ಹತ್ತು.

ಟಿಣ್!

ಬೀದಿ ಚಪ್ಪಾಳೆ ತಟ್ಟಿತು. ಟೈಲರು ಅಳತೆ ಪಟ್ಟಿ ಗಾಳಿಗೆ ತೂರಿದರು. ಅಮ್ಮ ತಲೆ ಎತ್ತದೆ, “ಇನ್ನೊಂದು ಕಾಲು ಕೊಡಪ್ಪ,” ಎಂದು ಹೊಸ ಹೊಲಿಗೆ ಶುರು ಮಾಡಿದರು.

ಅಕ್ಕ ರಿಮೋಟು ಬಿಡದೆಯೇ ತಮ್ಮನ ಕಡೆ ತಿರುಗಿದರು. “ಈಗ ಹೇಳು. ಯಾರು ಬಾರಿಸಿದ್ದು?”

ಚಪ್ಪಾಳೆ ತಣ್ಣಗಾಯಿತು. ಬೀದಿಯೆಲ್ಲ ಕಿವಿಯಾಯಿತು. ಕನ್ನಡಕದವರಿಗೆ ಹೇಳಬೇಕಾದ್ದು ಗೊತ್ತಿತ್ತು. ಗಂಟಲವರೆಗೆ ಬಂದೂ ಇತ್ತು. ಆದರೆ ಅಲ್ಲಿ, ಏಳನೇ ಮಹಡಿಯ ಬಕೆಟ್ಟಿನಂತೆ, ಮಾನವೆಂಬುದೊಂದು ತೂಗಾಡುತ್ತಾ ಅಡ್ಡ ನಿಂತಿತ್ತು. ಗಿರಾಕಿಗಳೆಲ್ಲ ನೋಡುತ್ತಿದ್ದಾರೆ. ನಲವತ್ತೆಂಟು ವಯಸ್ಸು. ಅವರು ಬಾಯಿ ತೆರೆದರು. ಮುಚ್ಚಿದರು. ತೆರೆದರು. ಅಕ್ಕನ ಕಣ್ಣು ನಿಧಾನವಾಗಿ ಬ್ಯಾಗಿನ ಕಡೆ ಹೊರಳಿತು.

ಕಟಕಟಕಟಕಟಕಟ.

ಅಮ್ಮ ಕನ್ನಡಿಯೊಳಗೆ ಮಗನನ್ನು ನೋಡಿದರು. ಕಾಲು ಎತ್ತಿದರು.

ಟಕ್.

“ತಪ್ಪಾಯ್ತು ಅಕ್ಕ!”

ಹಾರಿಯೇ ಬಿಟ್ಟಿತು! ಆ ನಿಶ್ಶಬ್ದದಲ್ಲಿ ಅದು ಎಷ್ಟು ಜೋರಾಗಿ ಕೇಳಿಸಿತೆಂದರೆ, ಎದುರಿನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೂಡ ಬಗ್ಗಿ ನೋಡಿದರು. ಕನ್ನಡಕದವರು ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

ಅಕ್ಕ ನಕ್ಕರು. ನಕ್ಕು, ತಮ್ಮನ ತಲೆಗೊಂದು ಮೊಟಕಿ, ಆ ಕೈಯಲ್ಲೇ ಅವನ ಕೂದಲು ಸರಿಮಾಡಿದರು. “ಕೂದಲೂ ಉದುರಿದೆ,” ಎಂದರು.

“ಅತ್ತೆ,” ಎಂದರು ಟೀಚರಮ್ಮ ಭಕ್ತಿಯಿಂದ, “ಆ ಮೆಷಿನ್ ಮನೆಗೆ ಬರಲೇಬೇಕು. ನಂಗೂ ಇವರ ಹತ್ತಿರ ಹೇಳಿಸೋದು ಬಹಳ ಇದೆ.”

“ಮೊದಲು ನಂಗೊಂದು ಬರಬೇಕು,” ಎಂದರು ಅಮ್ಮ. “ನನ್ನ ಮೆಷಿನ್ನು ನನ್ನ ಕೇಳ್ದೆ ಕೊಟ್ಟಿದ್ದಕ್ಕೆ.”

ಅದಕ್ಕೆ ಟಕ್ ಬೇಕಾಗಲಿಲ್ಲ. ಕನ್ನಡಕದವರು ಮಂಡಿಯಲ್ಲೇ ತೆವಳಿ ಹೋಗಿ ಸ್ಟೂಲಿನ ಪಕ್ಕ ಹೇಳಿದರು. ಅದನ್ನು ಮೆಲ್ಲಗೆ ಹೇಳಿದರು, ಬೀದಿಗೆ ಕೇಳಿಸಲಿಲ್ಲ.

ಮೆಷಿನ್ ಮಾತ್ರ ಮನೆಗೆ ಬರಲಿಲ್ಲ. ಅಮ್ಮನೇ ಬೇಡವೆಂದರು. ಮನೆಯ ಕಿಟಕಿಯಿಂದ ಕಾಣುವುದು ಎದುರುಮನೆಯ ಗೋಡೆ. ಟೈಲರಂಗಡಿಯಿಂದ ಇಡೀ ಬೀದಿ ಕಾಣುತ್ತದಂತೆ. ದಿನಾ ಮಧ್ಯಾಹ್ನ ಅವರು ಅಲ್ಲಿಗೆ ಹೋಗಿ ಎರಡು ಗಂಟೆ ಹೊಲಿಯುತ್ತಾರೆ. ಅವರು ಹೋಗತೊಡಗಿದ ಮೇಲೆ ಟೈಲರು ಬಟ್ಟೆಯನ್ನು ಹೇಳಿದ ದಿನವೇ ಕೊಡುತ್ತಿದ್ದು, ಬೀದಿಯವರಿಗೆ ಅವರನ್ನು ಏನೆಂದು ಕರೆಯುವುದೋ ತಿಳಿಯದಾಗಿದೆ. ಅಕ್ಕ ಭಾನುವಾರ ಬರುತ್ತಾರೆ. ಬಿಸ್ಕತ್ತಿಗೆ ಬೀಗ ಬಿದ್ದಿದೆ.

ಅಂಗಡಿಯಲ್ಲಿ ಯಾರೋ ಕೇಳಿದರು: “ಆ ಪುಟ್ಟ ಪೆಟ್ಟಿಗೆ ಕೊಳ್ಳಬಹುದಾ ಸಾರ್? ನಮ್ಮ ಕಾಲದ ಆಟ ಎಲ್ಲ ಇದೆಯಂತೆ.”

“ಕೊಳ್ಳಿ,” ಎಂದರು ಕನ್ನಡಕದವರು ಗಂಭೀರವಾಗಿ. “ಆಟ ಇದೆ. ಆದರೆ ಆವತ್ತು ಮನೇಲಿ ಯಾರ್ಯಾರು ಏನೇನು ಸದ್ದು ಮಾಡ್ತಿದ್ರೋ, ಅದು ಡಬ್ಬಿಯಲ್ಲಿ ಬರಲ್ಲ. ಅದನ್ನ ನೀವೇ ಹೊಂದಿಸ್ಕೋಬೇಕು.”

ಗಿರಾಕಿಗೆ ಅರ್ಥವಾಗಲಿಲ್ಲ. ಅವರ ಪುಟ್ಟ ಮಗಳ ಮೂಗಿಗೆ ಹೊಸ ಫ್ರೇಮು ಕೂರಿಸಿ, ಕನ್ನಡಕದವರು ರೂಢಿಯಂತೆ ಹಲಗೆಯ ಕಡೆ ಬೆರಳು ತೋರಿಸಿದರು. “ಓದು ನೋಡೋಣ.”

ಹುಡುಗಿ ಗಟ್ಟಿಯಾಗಿ ಓದಿದಳು: “ಟಿ.ವಿ.ಗೂ ಕಣ್ಣಿಗೂ ಹತ್ತಡಿ ಅಂತರವಿರಲಿ. ಅಕ್ಕ ಜೊತೆಗಿದ್ದರೆ ಎರಡಡಿ ಸಾಕು.”

ಕನ್ನಡಕದವರು ಗಿರಕ್ಕನೆ ತಿರುಗಿದರು. ಎರಡನೇ ಸಾಲು ಸೀಮೆಸುಣ್ಣದ್ದು. ಒಂದನೇ ಕ್ಲಾಸಿನ ಮಕ್ಕಳಿಗೆ ಬರೆದು ತೋರಿಸುವಂಥ ಗುಂಡು ಗುಂಡು ಅಕ್ಷರ. ಬೆಳಗ್ಗೆ ಊಟದ ಡಬ್ಬಿ ಕೊಟ್ಟು ಹೋಗಲು ಟೀಚರಮ್ಮ ಬಂದಿದ್ದದ್ದು ಆಗ ನೆನಪಾಯಿತು.

ಅವರು ಒರೆಸುವ ಬಟ್ಟೆ ಕೈಗೆತ್ತಿಕೊಂಡು ಹಲಗೆಯ ಹತ್ತಿರ ಹೋದರು. ಎರಡನೇ ಸಾಲನ್ನು ಇನ್ನೊಮ್ಮೆ ಓದಿಕೊಂಡರು. ಆಮೇಲೆ ಆ ಬಟ್ಟೆಯಿಂದ ಹುಡುಗಿಯ ಕನ್ನಡಕ ಒರೆಸಿ, “ಸರಿಯಾಗಿ ಓದಿದೆ ಕಣಮ್ಮ,” ಎಂದರು.